ಮಾಳಕರಿಯ ಉಸಿರು

ಉಸಿರು ಅಳೆಯುವ ಯಂತ್ರವನ್ನು ಡಬ್ಬಿಯಿಂದ ಹೊರಗೆ ತೆಗೆದವಳು ನಾನೇ. ಬೀದರದ ಹೊರಗಿನ ಒಂದು ಕಾರ್ಖಾನೆಯಲ್ಲಿ ಆಗ ನಾನು ನರ್ಸ್. ಔಷಧಿ ಕಂಪನಿಗಳಿಗೆ ಬೇಕಾಗುವ ಕಚ್ಚಾ ಪುಡಿ ತಯಾರಿಸುವ ಕಾರ್ಖಾನೆ ಅದು. ಗೇಟಿನ ಪಕ್ಕದಲ್ಲೇ ನನ್ನ ಕೋಣೆ: ಒಂದು ಮಂಚ, ಒಂದು ಕಪಾಟು, ವಾರಕ್ಕೆ ಎರಡು ಸಲ ಬರುವ ಡಾಕ್ಟರರಿಗಾಗಿ ಒಂದು ಕುರ್ಚಿ. ಉಳಿದ ದಿನಗಳಲ್ಲಿ ಕೈ ಕೊಯ್ದುಕೊಂಡವರಿಗೆ ಪಟ್ಟಿ ಕಟ್ಟುವುದು, ಕಣ್ಣಿಗೆ ಪುಡಿ ಹಾರಿಸಿಕೊಂಡವರಿಗೆ ನೀರು ಹನಿಸುವುದು, ತಲೆನೋವಿಗೆ ಗುಳಿಗೆ ಕೊಡುವುದು ನನ್ನ ಕೆಲಸ.

ಯಂತ್ರ ಮೊಬೈಲಿಗಿಂತ ಸ್ವಲ್ಪ ದಪ್ಪ ಇತ್ತು. ಅದರ ಜೊತೆಗೆ ಪ್ಲಾಸ್ಟಿಕ್ ಕೊಳವೆಗಳ ಪೊಟ್ಟಣ. ಪ್ರತಿಯೊಬ್ಬರಿಗೂ ಹೊಸ ಕೊಳವೆ ಹಾಕಬೇಕು. ಊದಿದರೆ ಗಾಜಿನ ಮೇಲೆ ಅಂಕಿ ಮೂಡುತ್ತದೆ. ಕುಡಿಯದವನಿಗೆ ಸೊನ್ನೆ, ಹಸಿರು ದೀಪ. ಕುಡಿದವನಿಗೆ ಕೆಂಪು ದೀಪ, ಕೀರಲು ದನಿ. ಮಡಚಿ ಮಡಚಿ ಇಟ್ಟಿದ್ದ ಇಂಗ್ಲಿಷ್ ಹಾಳೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿ, ಮುಖ್ಯ ಅನಿಸಿದ ಸಾಲುಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ. ಪರೀಕ್ಷೆಗೆ ಮೊದಲು ಹದಿನೈದು ನಿಮಿಷ ಆ ವ್ಯಕ್ತಿ ಏನನ್ನೂ ಬಾಯಿಗೆ ಹಾಕಿಕೊಂಡಿರಬಾರದು. ಕೆಂಪು ಬಂದರೆ ಬಾಯಿ ಮುಕ್ಕಳಿಸಿ, ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸಬೇಕು. ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ.

ಅದು ಬಂದದ್ದು ಒಬ್ಬ ಹೆಲ್ಪರ್ ನೀರಿನ ಟಾಕಿಯ ಕಬ್ಬಿಣದ ಮೆಟ್ಟಿಲಿನಿಂದ ಜಾರಿಬಿದ್ದ ಮೇಲೆ. ಅವನ ಕಾಲಿಗೆ ದಬ್ಬೆ ಕಟ್ಟುವಾಗ ನನ್ನ ಮೂಗಿಗೆ ವಾಸನೆ ಬಡಿದಿತ್ತು. ದೊಡ್ಡ ಆಫೀಸಿನಿಂದ ಹುಕುಂ ಬಂತು, ಯಂತ್ರ ಬಂತು. ನನಗೆ ಸಂತೋಷವೇ ಆಯಿತು. ಮೊದಲ ತಿಂಗಳಲ್ಲಿ ಫೋರ್ಕ್‌ಲಿಫ್ಟ್ ನಡೆಸುವವನೊಬ್ಬ ಸಿಕ್ಕಿಬಿದ್ದು ಎಂಟು ದಿನ ಮನೆಯಲ್ಲಿ ಕೂತ. ಅವನ ಹೆಂಡತಿ ಗೇಟಿಗೆ ಬಂದು, "ಛಲೋ ಮಾಡಿದ್ರಿ ಸಿಸ್ಟರ್, ಈಗ ಹೆದರ್ಯಾನ" ಎಂದು ನನ್ನ ಕೈ ಹಿಡಿದುಕೊಂಡಿದ್ದಳು. ಹಾಗಾಗಿ ಯಂತ್ರದ ಮೇಲೆ ನನಗೆ ಸಿಟ್ಟಿರಲಿಲ್ಲ. ಇವತ್ತಿಗೂ ಇಲ್ಲ.

ಮಳೆ ಎರಡನೇ ವರ್ಷವೂ ಕೈಕೊಟ್ಟ ಕಾಲ ಅದು. ನಾನು ಭಾಲ್ಕಿಯಿಂದ ದಿನಾ ಬೆಳಿಗ್ಗೆ ರೈಲಿನಲ್ಲಿ ಬರುತ್ತಿದ್ದೆ. ಮೊದಲೆಲ್ಲ ಆ ಗಾಡಿಯಲ್ಲಿ ಕಾಲೇಜಿನ ಹುಡುಗಿಯರು, ಕಚೇರಿಯ ಗುಮಾಸ್ತರು, ಕಾಯಿಪಲ್ಯೆಯ ಬುಟ್ಟಿಯವರು ಇರುತ್ತಿದ್ದರು. ಆ ವರ್ಷ ಸಂಕ್ರಾಂತಿ ಕಳೆಯುವಷ್ಟರಲ್ಲಿ ಬಾಗಿಲಿನಲ್ಲೇ ಗಂಟುಮೂಟೆ. ಗೋಣಿಚೀಲದಿಂದ ರೊಟ್ಟಿ ಹಂಚು ಹೊರಗೆ ಚಾಚಿಕೊಂಡು ಹತ್ತುವವರ ಕಾಲಿಗೆ ತಾಗುತ್ತಿತ್ತು. ಎಲ್ಲ ಹೈದರಾಬಾದಿಗೆ ಹೋಗುವ ಸಂಸಾರಗಳು. ನಾನು ಬೀದರದಲ್ಲಿ ಏಳುವ ಮೊದಲೇ ನನ್ನ ಸೀಟಿನ ಪಕ್ಕ ಕೂಸನ್ನು ಎತ್ತಿಕೊಂಡ ಯಾರೋ ಒಬ್ಬಳು ಕಾಯುತ್ತ ನಿಂತಿರುತ್ತಿದ್ದಳು.

ಕಾರ್ಖಾನೆಯ ಬೋರುಗಳೂ ಬತ್ತಿದವು. ಎರಡು ಬಾಯ್ಲರುಗಳಲ್ಲಿ ಒಂದನ್ನು ನಿಲ್ಲಿಸಿದರು. ಇನ್ನೊಂದಕ್ಕೆ ಟ್ಯಾಂಕರ್ ನೀರು. ಆಗ ಆಫೀಸಿನಲ್ಲಿ "ಹೆಚ್ಚಾದ ಜನ" ಎಂಬ ಮಾತು ಹುಟ್ಟಿತು. ಇದ್ದ ಇಬ್ಬರು ನರ್ಸ್‌ಗಳಲ್ಲಿ ಒಬ್ಬಳನ್ನು ಮನೆಗೆ ಕಳಿಸಿದರು, ನಾನು ಉಳಿದೆ. ಸಿಬ್ಬಂದಿಯ ಲೆಕ್ಕ ನೋಡುವ ಸಾಹೇಬರು ವಾರಕ್ಕೊಮ್ಮೆ ಇದ್ದ ಪರೀಕ್ಷೆಯನ್ನು ದಿನಕ್ಕೊಂದು ವಿಭಾಗ ಎಂದು ಮಾಡಿದರು. ಕೆಂಪು ಬಂದರೆ ಈಗ ಎಂಟು ದಿನವಲ್ಲ, ಕೆಲಸವೇ ಹೋಗುತ್ತಿತ್ತು. ಚೀಟಿಯಲ್ಲಿ ಹೆಸರು ಬರೆದು ತರುತ್ತಿದ್ದರು. ಚೀಟಿಯಲ್ಲಿ ಇರುತ್ತಿದ್ದವರೆಲ್ಲ ಗುತ್ತಿಗೆಯವರು. ಸೋಮವಾರಗಳಲ್ಲಿ ಕಣ್ಣು ಕೆಂಪಾಗಿಸಿಕೊಂಡು ಬರುವ ಒಬ್ಬ ಮ್ಯಾನೇಜರರು ನನಗೆ ಗೊತ್ತಿದ್ದರು. ಅವರ ಹೆಸರು ಒಂದು ಸಲವೂ ಚೀಟಿಯಲ್ಲಿ ಕಾಣಲಿಲ್ಲ. ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಮಗಳಿಗೆ ಜ್ವರ ಬಂದರೆ ನನ್ನನ್ನೇ ಕೇಳುತ್ತಿದ್ದರು. ಆದರೆ ಕೆಂಪು ದೀಪ ಹತ್ತಿದ ದಿನ ಅವರ ಮುಖದಲ್ಲಿ ಒಂದು ಕೆಲಸ ಮುಗಿದ ನಿರಾಳ ಇರುತ್ತಿತ್ತು. ಅದನ್ನು ನಾನು ಕಂಡೂ ಕಾಣದವಳ ಹಾಗೆ ಕೊಳವೆ ಬದಲಿಸುತ್ತಿದ್ದೆ.

ಬಾಯ್ಲರ್ ನೋಡಿಕೊಳ್ಳುವವರಲ್ಲಿ ಒಬ್ಬರು ಔರಾದ ಕಡೆಯವರು. ಠಾಣಾ ಕುಶನೂರಿನಿಂದ ಇನ್ನೂ ಒಳಗೆ ಅವರ ಹಳ್ಳಿ. ಐವತ್ತು ದಾಟಿದ ವಯಸ್ಸು, ಕುರಿ ಕಾಯ್ದು ಬೆಳೆದ ಮನೆತನ, ಹನ್ನೊಂದು ವರ್ಷದಿಂದ ಅದೇ ಬಾಯ್ಲರಿನ ಮುಂದೆ. ಕೊರಳಲ್ಲಿ ತುಳಸಿ ಮಣಿಗಳ ಮಾಳ. ನಮ್ಮ ಕಡೆ ಮಾಳಕರಿ ಎಂದರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ: ಪ್ರತಿ ಆಷಾಢಕ್ಕೆ ಪಂಢರಪುರಕ್ಕೆ ನಡೆದು ಹೋಗುವವರು, ಮಾಂಸ ಮುಟ್ಟದವರು, ಹೆಂಡ ಸೆರೆಯನ್ನು ಕಣ್ಣೆತ್ತಿಯೂ ನೋಡದವರು. ಕ್ಯಾಂಟೀನಿನಲ್ಲಿ ಮೊಟ್ಟೆ ಬೇಯಿಸುತ್ತಾರೆಂದು ಇವರು ಅಲ್ಲಿ ಚಹಾ ಕೂಡ ಕುಡಿಯುತ್ತಿರಲಿಲ್ಲ. ಮಗ ಸೊಸೆ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮೊಮ್ಮಕ್ಕಳೊಂದಿಗೆ ಹೆಂಡತಿ ಹಳ್ಳಿಯಲ್ಲಿ. ಇವರು ಕಾರ್ಖಾನೆಯ ಹತ್ತಿರ ಒಂದು ಕೋಣೆ ಹಿಡಿದು, ಭಾನುವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದರು.

ನನ್ನ ಬಳಿ ಬಂದಾಗಲೆಲ್ಲ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, "ಇದರಾಗ ಏನೂ ಇಲ್ಲಲ್ರಿ ಸಿಸ್ಟರ್?" ಎಂದು ಕೇಳುವುದು ಅವರ ವಾಡಿಕೆ. ಕ್ಯಾಪ್ಸೂಲಿನ ಹೊದಿಕೆಯಲ್ಲಿ ದನದ ಎಲುಬು ಇರುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ನಾನು ನಗುತ್ತ, ಕ್ಯಾಪ್ಸೂಲ್ ಬಿಟ್ಟು ಬೇರೆ ಗುಳಿಗೆ ಹುಡುಕಿ ಕೊಡುತ್ತಿದ್ದೆ.

ಆ ದಿನ ಬೆಳಗಿನ ಚಹಾದ ಹೊತ್ತಿಗೆ ಕೆಮ್ಮುತ್ತ ಬಂದರು. ಬಾಯ್ಲರಿನ ಬೂದಿ, ಒಣಗಾಳಿ. ನಾಲ್ಕು ದಿನದಿಂದ ಕೆಮ್ಮು ಬಿಟ್ಟಿರಲಿಲ್ಲವಂತೆ. ಕೆಮ್ಮಿನ ಗುಳಿಗೆಗಳು ಮುಗಿದಿದ್ದವು. ಕಪಾಟಿನ ಹಿಂದೆ ಒಂದು ಟಾನಿಕ್ ಸೀಸೆ ಇತ್ತು. ಎರಡು ಮುಚ್ಚಳ ಸುರಿದು ಕೊಟ್ಟೆ.

"ಇದರಾಗ ಏನೂ ಇಲ್ಲಲ್ರಿ?"

"ಏನಿಲ್ಲ, ಸಕ್ಕರಿ ಪಾಕ, ತುಳಸಿ, ಜೇಷ್ಠಮಧು. ನಿಮ್ಮ ಕೊಳ್ಳಾಗಿರೋ ತುಳಸೀನೇ ಇದರಾಗ ಅದ. ಕುಡೀರಿ."

ಅವರು ನಕ್ಕು ಕುಡಿದರು. ನಾನು ಸೀಸೆಯ ಚೀಟಿ ಓದಿರಲಿಲ್ಲ. ರಿಜಿಸ್ಟರಿನಲ್ಲಿ ಬರೆದುಕೊಳ್ಳಲೂ ಇಲ್ಲ. ಅಷ್ಟರಲ್ಲಿ ಬಾಗಿಲಿಗೆ ಸಾಹೇಬರು ಬಂದು, ಇವತ್ತು ಬಾಯ್ಲರ್ ವಿಭಾಗ, ಎಲ್ಲರೂ ಇಲ್ಲಿಗೇ ಬರ್ತಿದ್ದಾರೆ ಎಂದು ಚೀಟಿ ಮುಂದಿಟ್ಟರು. ಇವರು ಬಾಯಿ ಒರೆಸಿಕೊಳ್ಳುತ್ತ ಇನ್ನೂ ಅಲ್ಲೇ ನಿಂತಿದ್ದರು. "ಹೆಂಗೂ ಬಂದೇನಿ, ನನ್ನದು ಮೊದಲ ಮುಗಸ್ರಿ, ಬಾಯ್ಲರ್ ಬಿಟ್ಟು ಬಂದೇನಿ" ಎಂದು ತಾವೇ ಮುಂದೆ ಬಂದರು.

ಊದಿದರು. ಕೆಂಪು ಹತ್ತಿತು. ಯಂತ್ರ ಕಿರುಚಿತು.

ಅವರು ಮೊದಲು ಯಂತ್ರ ನೋಡಿದರು, ಆಮೇಲೆ ನನ್ನ ಮುಖ. "ಕೆಟ್ಟದೇನ್ರಿ ಇದು? ಇನ್ನೊಮ್ಮಿ ಊದ್ತೇನಿ." ಹೊಸ ಕೊಳವೆ ಹಾಕಿ ಕೂಡಲೇ ಊದಿಸಿದೆ. ಮತ್ತೆ ಕೆಂಪು. ಆದರೆ ಎರಡನೇ ಅಂಕಿ ಮೊದಲಿನದಕ್ಕಿಂತ ಕಡಿಮೆ ಇತ್ತು. ಕುಡಿದವನ ಉಸಿರು ಎರಡು ನಿಮಿಷದಲ್ಲಿ ಹಾಗೆ ಇಳಿಯುವುದಿಲ್ಲ. ಬಾಯಿಯಲ್ಲಿ ಉಳಿದದ್ದು ಆರುತ್ತ ಹೋದರೆ ಹಾಗಾಗುತ್ತದೆ.

ಆಗಲೇ ನನಗೆ ಹೊಳೆಯಿತೇ ಎಂದು ಎಷ್ಟೋ ಸಲ ನನ್ನನ್ನು ಕೇಳಿಕೊಂಡಿದ್ದೇನೆ. ಹೊಳೆದಿತ್ತು. ಸೀಸೆ ಮೇಜಿನ ಮೇಲೆ, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಇತ್ತು. ಕೂರಿಸಿ, ಬಾಯಿ ಮುಕ್ಕಳಿಸಿ, ಹದಿನೈದು ನಿಮಿಷ ಕಾಯೋಣ ಎಂಬ ಒಂದು ಮಾತು ಸಾಕಾಗಿತ್ತು. ಬದಲಿಗೆ ಡಾಕ್ಟರರ ಬರಹವಿಲ್ಲದೆ ಔಷಧ ಕೊಟ್ಟದ್ದು, ರಿಜಿಸ್ಟರಿನಲ್ಲಿ ಬರೆಯದ್ದು, ಮನೆಗೆ ಹೋದ ಇನ್ನೊಬ್ಬ ನರ್ಸು, ಇವೇ ತಲೆಯಲ್ಲಿ ಓಡಿದವು. ಸಾಹೇಬರು, "ಎರಡು ಸಲ ನೋಡಿ ಆಯಿತಲ್ಲ, ಬರೀರಿ" ಎಂದರು. ನಮೂನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಹದಿನೈದು ನಿಮಿಷದೊಳಗೆ ಏನಾದರೂ ಸೇವಿಸಿದ್ದಾರೆಯೇ? ಪ್ರತಿ ನಮೂನೆಯಲ್ಲೂ ಬರೆಯುವ ಹಾಗೆಯೇ "ಇಲ್ಲ" ಎಂದು ಬರೆದೆ. ಅವರಿಗೆ ಓದಲು ಅಷ್ಟು ಬರುತ್ತಿರಲಿಲ್ಲ. ನಾನು ಬೆರಳು ತೋರಿಸಿದ ಕಡೆ ದಸ್ತಖತ್ ಹಾಕಿದರು.

ಗೇಟಿನಲ್ಲಿ ಪಾಸು ಕಸಿದುಕೊಂಡರು. ಅಷ್ಟರಲ್ಲಿ ಬಾಯ್ಲರಿನವರೆಲ್ಲ ಸಾಲಿನಲ್ಲಿ ನಿಂತಿದ್ದರು. ಯಾರೋ "ಮಾಳ ಹಾಕ್ಕೊಂಡು ಇದೇನ ಮಾಮಾ" ಎಂದ. ಒಬ್ಬಿಬ್ಬರು ನಕ್ಕರು. ಅವರು ಮಾಳವನ್ನು ಅಂಗಿಯೊಳಗೆ ಸೇರಿಸಿಕೊಂಡು ಹೊರಗೆ ನಡೆದರು. ಜಗಳ ತೆಗೆಯಲಿಲ್ಲ. ಜಗಳ ತೆಗೆದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ.

ಊಟದ ಹೊತ್ತಿಗೆ ಬಾಗಿಲು ಮುಂದೆ ಮಾಡಿ ಸೀಸೆಯ ಚೀಟಿ ಓದಿದೆ. ತುಳಸಿ ಇತ್ತು, ಜೇಷ್ಠಮಧು ಇತ್ತು. ಎಲ್ಲಕ್ಕಿಂತ ಕೆಳಗೆ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಆಲ್ಕೋಹಾಲ್ ಎಂದೂ ಇತ್ತು.

ಎಂಟು ದಿನ ಯಾರಿಗೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಬುದ್ಧನ ಪಟದ ಮುಂದೆ ಪಂಚಶೀಲ ಹೇಳುವುದು ಮೊದಲಿನಿಂದ ಬಂದ ಪದ್ಧತಿ. ಅಪ್ಪ ನಿವೃತ್ತ ಮಾಸ್ತರು. ಅವರು ಮುಂದೆ ಹೇಳುವುದು, ನಾವು ಹಿಂದೆ ಹೇಳುವುದು. ಸುಳ್ಳು ಆಡುವುದಿಲ್ಲ ಎಂಬ ನಾಲ್ಕನೆಯದು ಬಂದಾಗ ನನ್ನ ದನಿ ಹೊರಡಲಿಲ್ಲ. ಅಪ್ಪ ನಿಲ್ಲಿಸಲಿಲ್ಲ, ಐದನೆಯದನ್ನು ಒಬ್ಬರೇ ಹೇಳಿ ಮುಗಿಸಿದರು. ಆಮೇಲೆ ಕೇಳಿದರು, "ಏನಾಗ್ಯದ?"

ಎಲ್ಲ ಹೇಳಿದೆ. ಅಪ್ಪ ಚಷ್ಮಾ ತೆಗೆದು ಒರೆಸಿದರು. "ಬಾಯಿಲೆ ಹೇಳಬ್ಯಾಡ. ಬರೆದು ಕೊಡು. ಬಾಯಿಲೆ ಹೇಳಿದ್ದು ಅವರ ಕಿವಿಯಾಗೇ ಉಳೀತದ" ಎಂದರು. ನೌಕರಿ ಹೋದೀತು ಎಂದೆ. "ಹೋದೀತು" ಎಂದರು ಅವರೂ.

ಸೋಮವಾರ ಒಂದು ಹಾಳೆಯ ಅರ್ಜಿ, ಅದರ ಜೊತೆ ಸೀಸೆ, ಗೆರೆ ಎಳೆದ ಇಂಗ್ಲಿಷ್ ಹಾಳೆ ಮೂರನ್ನೂ ಸಾಹೇಬರ ಮೇಜಿನ ಮೇಲಿಟ್ಟೆ. ಓದಿ ಮುಗಿಸಿ, "ನಿಮ್ಮ ಮೇಲೆ ನೀವೇ ಬರಕೊಂಡಿದ್ದೀರಿ, ಗೊತ್ತದ ಅಲ್ಲ?" ಎಂದರು. ಗೊತ್ತಿದೆ ಎಂದೆ. ನನಗೆ ಒಂದು ಮೆಮೊ ಬಂತು. ಬಾಯ್ಲರಿನ ಮಾಳಕರಿಗೆ ಕೆಲಸ ವಾಪಸ್ ಕೊಡಲು ಒಪ್ಪಿದರು. ಲಿಖಿತದಲ್ಲಿ ಬಂದದ್ದು ಕಾರ್ಮಿಕ ಕಚೇರಿಯವರೆಗೆ ಹೋದರೆ ಎಂಬ ಹೆದರಿಕೆಯೂ ಇದ್ದೀತು. ಒಂದು ವಾರದೊಳಗೆ ಬಂದು ಹಾಜರಾಗಬೇಕು ಎಂದು ಕಾಗದ ಮಾಡಿದರು. ಅವರ ಫೋನ್ ಸ್ವಿಚ್ ಆಫ್ ಆಗಿತ್ತು. ನಾನೇ ಹೋಗಿ ಕೊಟ್ಟು ಬರುತ್ತೇನೆ ಎಂದೆ.

ರಜೆ ಹಾಕಿ ಔರಾದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಅರ್ಧ ತಾಸು ನಡಿಗೆ. ತೊಗರಿಯ ಹೊಲಗಳಲ್ಲಿ ಕಟ್ಟಿಗೆ ಮಾತ್ರ ನಿಂತಿತ್ತು. ಊರೊಳಗೆ ಎಷ್ಟೋ ಬಾಗಿಲುಗಳಿಗೆ ಬೀಗದ ಮೇಲೆ ಮುಳ್ಳುಕಂಟಿ ಅಡ್ಡ ಹಚ್ಚಿ ಹೋಗಿದ್ದರು, ನಾಯಿ ಹೊಕ್ಕಬಾರದೆಂದು. ಕೇಳಲು ಸಿಕ್ಕವರೆಲ್ಲ ಮುದುಕರು. ಅವರ ಮನೆ ತೋರಿಸಿದ ಒಬ್ಬರು, "ಕುಡದು ಸಿಕ್ಕಾನಂತಲ್ಲ, ಅವಂದಾ?" ಎಂದೂ ಕೇಳಿದರು.

ಹಳ್ಳಿಯಲ್ಲಿ ಗುರುತಿಲ್ಲದವರ ಮನೆಯ ಹೊಸ್ತಿಲಿನ ಮುಂದೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ಯಾರ ಪೈಕಿ, ಯಾವ ಜಾತಿ ಎಂದು ಕೇಳುವವರೆಗೆ. ಅವರ ಹೆಂಡತಿ ಕೇಳಲಿಲ್ಲ. "ಕಾರ್ಖಾನಿ ಸಿಸ್ಟರ್ ಹೌದಲ್ರಿ, ಒಳಗ ಬರ್ರಿ" ಎಂದು ಹಿತ್ತಾಳೆ ಚಂಬಿನಲ್ಲಿ ನೀರು ಕೊಟ್ಟಳು. ನೀರು ಚಂಬಿನ ಅರ್ಧಕ್ಕಿತ್ತು. ಅವರು ಹಿತ್ತಲಿನ ಖಾಲಿ ಕುರಿದೊಡ್ಡಿಯ ಗೋಡೆಗೆ ಒರಗಿ ಕೂತಿದ್ದರು. ಮೇವಿಲ್ಲದೆ ಕುರಿಗಳನ್ನು ಬೇಸಿಗೆಗೆ ಮೊದಲೇ ಮಾರಿಬಿಟ್ಟಿದ್ದರಂತೆ. ಕೊರಳು ಬರಿದಾಗಿತ್ತು. ಮಾಳ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಗೆರೆಯಾಗಿ ಕಾಣುತ್ತಿತ್ತು.

"ಮಾಳ?" ಎಂದೆ.

"ದೇವರ ಗೂಡಿನ್ಯಾಗ ಇಟ್ಟೇನ್ರಿ. ಜನ ಅಂತಾರ, ಭಜನಿಗಿ ಕರಿಯೋದು ಬಿಟ್ಟಾರ. ಆಷಾಢಿತನಕ ಅಲ್ಲೇ ಇರ್ಲಿ, ಮತ್ತ ಹಾಕ್ಕೋತೇನಿ. ನಾ ಕುಡದಿಲ್ಲ ಅನ್ನೋದು ಪಾಂಡುರಂಗಗ ಗೊತ್ತದ ಅಲ್ರಿ, ಅಷ್ಟು ಸಾಕು." ಮಾತಿನಲ್ಲಿ ಒಂದು ಧೈರ್ಯವಿತ್ತು. ನಾನು ದಾರಿಯುದ್ದಕ್ಕೂ ಊಹಿಸಿಕೊಂಡಷ್ಟು ಸೋತಿರಲಿಲ್ಲ ಅವರು.

ಕಾಗದ ಕೊಟ್ಟು, ಕೆಲಸ ತಿರುಗಿ ಬಂದಿದೆ ಎಂದು ಹೇಳಿದೆ. ಅವರ ಮುಖ ಅರಳಿತು. "ಯಂತ್ರ ಕೆಟ್ಟಿತ್ತು ಅಂತ ಗೊತ್ತಾತೇನ್ರಿ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಹೌದು, ಕೆಟ್ಟಿತ್ತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಎಲ್ಲವನ್ನೂ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡು ಬಂದವಳು ನಾನು. ಯಂತ್ರ ಕೆಟ್ಟಿರಲಿಲ್ಲ, ನಾನು ಕೊಟ್ಟ ಟಾನಿಕ್ಕಿನಲ್ಲಿ ಆಲ್ಕೋಹಾಲ್ ಇತ್ತು, ಬಾಯಲ್ಲಿ ಉಳಿದ ಅದನ್ನೇ ಯಂತ್ರ ತೋರಿಸಿತು, ತಪ್ಪು ನನ್ನದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ಆಲ್ಕೋಹಾಲ್ ಅಂದ್ರ?"

ನಾನು ಕೈಯಲ್ಲಿದ್ದ ಚಂಬನ್ನು ನೋಡಿದೆ.

"ಸೆರಿ ಏನ್ರಿ?"

"ಔಷಧ ಕೆಡಬಾರದಂತ ಸ್ವಲ್ಪ ಹಾಕಿರ್ತಾರ್ರಿ. ಅದು ಕುಡಿದಂಗ ಅಲ್ಲ. ನಿಮಗ ಗೊತ್ತಿರಲಿಲ್ಲ…"

ಅವರು ಕಾಗದವನ್ನು ಮಡಚಿದರು. ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು. "ಅಂದ್ರ ಕುಡದೇನಿ. ಯಂತ್ರ ಖರೇನೇ ಹೇಳ್ಯದ."

"ಹಂಗಲ್ರಿ. ಔಷಧಕ್ಕ ಪಾಪ ಇಲ್ಲ. ನೀವು ತಿಳಿದು ಕುಡಿದಿಲ್ಲ."

"ನಾ ಕೇಳಿದ್ನಲ್ರಿ ಸಿಸ್ಟರ್. ಏನಿಲ್ಲ ಅಂದ್ರಿ." ಸಿಟ್ಟಿನಿಂದ ಹೇಳಲಿಲ್ಲ. ನಡೆದದ್ದನ್ನು ಸಾಲಾಗಿ ಜೋಡಿಸಿ ನೋಡುವವರ ಹಾಗೆ ಹೇಳಿದರು. ಇಪ್ಪತ್ತೆರಡು ವರ್ಷದ ಮಾಳ, ತಮ್ಮ ಅಪ್ಪ ಸತ್ತ ವರ್ಷ ಹಾಕಿಕೊಂಡದ್ದು. ಹೊಟ್ಟೆಯೊಳಗೆ ಹೋದದ್ದು ಹೋಯಿತಲ್ಲ, ಇನ್ನು ಮಾಳವನ್ನು ಅದನ್ನು ಹಾಕಿಸಿದ ಹಿರಿಯರಿಗೇ ಒಪ್ಪಿಸಿಬಿಡಬೇಕು ಎಂದರು. ಮತ್ತೆ ಹಾಕಿಸಿಕೊಳ್ಳಬಹುದಲ್ಲ ಎಂದೆ. ಅವರು ಕಾಗದವನ್ನು ಜೇಬಿಗೆ ಇಟ್ಟುಕೊಂಡರು.

ಹೆಂಡತಿ ಬಾಗಿಲಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮೊದಲು ಗಂಡನ ಮೇಲೆ ಹರಿಹಾಯ್ದಳು: "ನೌಕರಿ ಕೊಟ್ಟಾರ, ಎದ್ದು ಹೋಗು. ದೇವರಿಗಿ ಇಷ್ಟ ತಿಳಿಯಂಗಿಲ್ಲೇನು?" ಆಮೇಲೆ ನನ್ನ ಕಡೆ ತಿರುಗಿದಳು. "ಅವತ್ತೇ ಒಂದ ಮಾತು ಅಂದಿದ್ರ ಏನಾಗ್ತಿತ್ರಿ ನಿಮಗ?"

ನನ್ನ ಕೆಲಸ ಹೋಗುತ್ತಿತ್ತು ಎಂದು ಅವಳ ಮುಂದೆ ನಿಂತು ಹೇಳಲು ಆಗಲಿಲ್ಲ. ಚಂಬನ್ನು ಹೊಸ್ತಿಲಿನ ಮೇಲಿಟ್ಟು ಎದ್ದೆ. ಬಸ್ಸಿನವರೆಗೆ ಅವರೇ ಜೊತೆಗೆ ಬಂದರು. ಬಿಸಿಲಿದೆ ಬೇಡ ಎಂದರೂ ಕೇಳಲಿಲ್ಲ. ದಾರಿಯಲ್ಲಿ ಕೆಮ್ಮು ಬಂದಾಗ ಮುಖ ಆಚೆ ತಿರುಗಿಸಿ, ನನಗೆ ಕೇಳಿಸಬಾರದೆಂಬಂತೆ ಕೆಮ್ಮುತ್ತಿದ್ದರು.

ವಾರ ಮುಗಿದರೂ ಅವರು ಬರಲಿಲ್ಲ. ಸಾಹೇಬರು ಕಾಗದದ ಮೇಲೆ "ಹಾಜರಾಗಿಲ್ಲ" ಎಂದು ಬರೆದು ಫೈಲು ಮುಚ್ಚಿದರು. ಅವರ ಮುಖದಲ್ಲಿ ಅದೇ ನಿರಾಳ. ನಾನು ಕೋಣೆಯಲ್ಲಿ ಗೋಡೆ ಗಡಿಯಾರ ಹಾಕಿಸಿ, ಬೆಂಚು ತರಿಸಿ, ಊದುವವರೆಲ್ಲ ಮೊದಲು ನೀರಿನಿಂದ ಬಾಯಿ ಮುಕ್ಕಳಿಸಿ ಹದಿನೈದು ನಿಮಿಷ ಕೂರಬೇಕು ಎಂದು ಹಠ ಹಿಡಿದೆ. ನೀರಿಲ್ಲದ ವರ್ಷದಲ್ಲಿ ಮುಕ್ಕಳಿಸಿ ಉಗುಳಲು ನೀರು ಕೇಳಿದಾಗ ಸಾಹೇಬರು ನನ್ನನ್ನು ನೋಡಿದ ನೋಟ ನೆನಪಿದೆ. ಕೆಂಪು ದೀಪಗಳು ಕಡಿಮೆಯಾದವು. ಆ ಮ್ಯಾನೇಜರರ ಹೆಸರನ್ನು ಒಂದು ಸೋಮವಾರ ನಾನೇ ಚೀಟಿಯಲ್ಲಿ ಸೇರಿಸಿದೆ, ಅವರು ಬರಲಿಲ್ಲ. ವರ್ಷದ ಕೊನೆಗೆ ನನ್ನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಭಾಲ್ಕಿಯ ಒಂದು ಸಣ್ಣ ದವಾಖಾನೆಗೆ ಸೇರಿದೆ.

ಅದಕ್ಕೂ ಮೊದಲು ಒಂದು ಬೆಳಿಗ್ಗೆ ಬೀದರದ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ಹೈದರಾಬಾದ್ ಬಸ್ಸಿನ ಪಕ್ಕ ಹೆಂಡತಿ, ಇಬ್ಬರು ಮೊಮ್ಮಕ್ಕಳು, ಒಂದು ಟ್ರಂಕು. ಹೆಂಡತಿ ನನ್ನನ್ನು ನೋಡಿ ಮುಖ ತಿರುಗಿಸಿದಳು. ಅವರು ಹತ್ತಿರ ಬಂದು, "ಆರಾಮ ಇದ್ದೀರೇನ್ರಿ?" ಎಂದರು. ಮಗನ ಹತ್ತಿರ ಹೋಗ್ತಿದ್ದೇವೆ, ಎಲ್ಲೋ ವಾಚಮನ್ ಕೆಲಸ ಅದ ಅಂತಾನೆ ಎಂದರು. ಆಮೇಲೆ ನೆನಪಾದವರಂತೆ, "ಬಾಯ್ಲರಿಗಿ ಈಗ ಯಾರಿದ್ದಾರ್ರಿ? ಎಡಗಡಿ ವಾಲ್ವ್ ಬಿಗಿ ಅದ. ಜೋರ ಮಾಡಿ ತಿರವಬಾರದು, ಎರಡು ಸಲ ಹಿಂದ ಮುಂದ ಮಾಡಿ ಬಿಚ್ಚಬೇಕು. ಹೇಳ್ರಿ ಅವರಿಗಿ, ಕೈ ಸುಟ್ಟುಕೊಂಡಾರು" ಎಂದರು. ಹೇಳುತ್ತೇನೆ ಎಂದೆ. ಆ ದಿನವೇ ಹೋಗಿ ಹೇಳಿದೆ ಕೂಡ.

ಮರುವರ್ಷ ಮಳೆಯಾಯಿತು. ಬೀಗ ಹಾಕಿದ ಮನೆಗಳಿಗೆ ಕೆಲವರು ತಿರುಗಿ ಬಂದರು, ಇವರು ಬರಲಿಲ್ಲ. ಅಪ್ಪನ ಹತ್ತಿರ ಒಂದು ಸಲ, ನಾನು ಕೆಲಸ ಬಂತು ಎಂದಷ್ಟೇ ಹೇಳಿ ಬರಬೇಕಿತ್ತೇನೋ ಎಂದೆ. ಅಪ್ಪ ಪೇಪರಿನಿಂದ ತಲೆ ಎತ್ತಿ, "ನನಗೂ ಗೊತ್ತಾಗವಲ್ದು" ಎಂದರು. ಜೀವನದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೊಂದೇ ಸಲ.

ಕೊನೆಯ ಸುದ್ದಿ ಸಿಕ್ಕದ್ದು ಬಾಯ್ಲರ್ ವಿಭಾಗದ ಹಳೆಯ ಕೆಲಸಗಾರನಿಂದ. ಮಗುವಿಗೆ ಸೂಜಿ ಹಾಕಿಸಲು ಭಾಲ್ಕಿಯ ದವಾಖಾನೆಗೆ ಬಂದಿದ್ದ. ಹೈದರಾಬಾದಿನಲ್ಲಿ ಅವರನ್ನು ನೋಡಿ ಬಂದಿದ್ದನಂತೆ. ಎತ್ತರದ ಕಟ್ಟಡವೊಂದರ ಗೇಟಿನಲ್ಲಿ ನೀಲಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ಕೂತಿರುತ್ತಾರಂತೆ.

"ಅಲ್ಲೂ ದಿನಾ ಪಾಳಿಗಿ ಹತ್ತೋಕಿಂತ ಮೊದಲ ಊದಿಸ್ತಾರಂತ್ರಿ ಸಿಸ್ಟರ್. ದಿನಾ ಸೊನ್ನಿ ಬರ್ತದಂತ."

"ಮಾಳ ಹಾಕ್ಕೊಂಡಾರೇನು?"

ಅವನು ಮಗುವಿನ ತೋಳನ್ನು ಅಂಗೈಯಿಂದ ತಿಕ್ಕುತ್ತ, "ಇಲ್ರಿ" ಎಂದ.